ಬುಧವಾರ ಆದ ಪಾಲು

ಕೋರ್ಟು, ಆಸ್ತಿ, ಮನೆಯೊಳಗಿನ ಗುಟ್ಟು, ಈ ಮೂರೂ ಒಟ್ಟಿಗಿರುವ ಕಾದಂಬರಿ ಸಿಕ್ಕಿದರೆ ನನಗೆ ಒಲೆಯ ಮೇಲಿಟ್ಟ ಹಾಲೂ ನೆನಪಿರುವುದಿಲ್ಲ. ಓದಿ ಓದಿ ಒಂದು ದೃಶ್ಯವಂತೂ ಬಾಯಿಪಾಠ ಆಗಿಬಿಟ್ಟಿದೆ. ದೊಡ್ಡ ಮನೆ, ಸತ್ತುಹೋದ ಯಜಮಾನ, ಹಾಲ್‌ನಲ್ಲಿ ಕಪ್ಪು ಬಟ್ಟೆ ಹಾಕಿ ಕೂತ ಮಕ್ಕಳು. ವಕೀಲರು ಲಕೋಟೆ ಒಡೆದು ಉಯಿಲು ಓದುತ್ತಾರೆ. ಆಸ್ತಿಯೆಲ್ಲ ಯಾರೂ ಹೆಸರು ಕೇಳದ ಒಬ್ಬಳಿಗೆ! ಅಲ್ಲಿಂದ ಕತೆ ಶುರು. ಅಂಥದ್ದೊಂದನ್ನು ನಮ್ಮ ಮಂಜೇಶ್ವರ ಕಡೆಯ ಮನೆಯೊಂದರಲ್ಲಿಟ್ಟು ಬರೆಯಬೇಕು ಎಂಬ ಆಸೆ ನನಗೆ ಬಹಳ ಹಿಂದಿನಿಂದಲೂ ಉಂಟು. ಬರೆಯಲು ಕೂತಾಗಲೆಲ್ಲ ಆ ಮೊದಲ ದೃಶ್ಯವೇ ಕೈಕೊಡುತ್ತದೆ. ನಮ್ಮಲ್ಲಿ ಉಯಿಲು ಓದಲು ಯಾರೂ ಸೇರುವುದಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು, ಬಾಡಿಗೆ ಪಾತ್ರೆಗಳು ವಾಪಸ್ ಹೋಗಿ, ದೂರದವರೆಲ್ಲ ಬಸ್ಸು ಹತ್ತಿದ ಮೇಲೆ, ಅಂಗಳದ ಮೂಲೆಯಲ್ಲಿ ಇಬ್ಬರು ಮೆಲ್ಲಗೆ ಮಾತಾಡುತ್ತಾರೆ. ಅಷ್ಟೇ.

ಹಾಗೆಂದು ಉಯಿಲಿನಲ್ಲಿ ಗುಟ್ಟಿಲ್ಲ ಅಂತಲ್ಲ. 1908ರ ನೋಂದಣಿ ಕಾಯ್ದೆ ಓದಿ ನೋಡಿ, ಅದರೊಳಗೆ ಅರ್ಧ ಥ್ರಿಲ್ಲರ್ ರೆಡಿ ಇದೆ. ಉಯಿಲನ್ನು ರಿಜಿಸ್ಟರ್ ಮಾಡಲೇಬೇಕೆಂದಿಲ್ಲ. ಮಾಡಿದರೆ ಅದು ಉಯಿಲುಗಳನ್ನು ದಾಖಲಿಸುವ ಮೂರನೇ ಪುಸ್ತಕಕ್ಕೆ ಹೋಗುತ್ತದೆ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ. ಅದೂ ಬೇಡವೆಂದರೆ ಉಯಿಲನ್ನು ಲಕೋಟೆಯಲ್ಲಿಟ್ಟು ಮುದ್ರೆ ಒತ್ತಿ ರಿಜಿಸ್ಟ್ರಾರರ ಹತ್ತಿರ ಇಟ್ಟು ಬರಬಹುದು. ಅವರು ಅದನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡಬೇಕು ಅಂತ ಕಾಯ್ದೆಯಲ್ಲೇ ಉಂಟು. ಇಷ್ಟೆಲ್ಲ ಸೌಕರ್ಯ ಇದ್ದರೂ ನಮ್ಮ ಬಂಧುಬಳಗದಲ್ಲಿ ಯಾರೂ ಹಾಗೆ ಮಾಡಿದ್ದನ್ನು ನಾನು ಕೇಳಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕಲ್ವಾ, ಅವರನ್ನು ಎಲ್ಲಿಂದ ತರುವುದು? ಪಕ್ಕದ ತೋಟದವರೊಬ್ಬರು, ಹಾಲಿನ ಸೊಸೈಟಿಯವರೊಬ್ಬರು. ಸಂಜೆಯೊಳಗೆ ಉಪ್ಪಳ ಪೇಟೆಗೆಲ್ಲ ಗೊತ್ತು.

ನಮ್ಮ ಸಂಬಂಧದಲ್ಲೇ ಒಬ್ಬರು ವಕೀಲರಿದ್ದಾರೆ, ಕಾಸರಗೋಡಿನಲ್ಲಿ ಪ್ರಾಕ್ಟೀಸು. ನಾನು ಅಣ್ಣ ಅಂತಲೇ ಕರೆಯುವುದು. ನನ್ನ ಉಯಿಲಿನ ಕತೆ ಹೇಳಿದರೆ ಅವರು ನಕ್ಕರು. "ಎಂತ ಮಾರಾಯ್ತಿ, ಅಳಿಯಸಂತಾನದ ಮನೆಯನ್ನು ಇಟ್ಟುಕೊಂಡು ಉಯಿಲು ಹುಡುಕ್ತೀಯಲ್ಲ! ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಉಯಿಲು ಬರೀಲಿಕ್ಕೆ ಆಗುವುದು ಅಂತ ಆದದ್ದೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ. ಅದಕ್ಕಿಂತ ಮೊದಲು ಪಾಲು ಕೇಳುವುದೇ ಕಷ್ಟ ಇತ್ತು." ಅದು ನಿಜವೇ. ಅಳಿಯಸಂತಾನವೆಂದರೆ ಕುಟುಂಬ, ಆಸ್ತಿ ಎಲ್ಲ ತಾಯಿಯ ಕಡೆಯಿಂದ ಸಾಗುವ ಪದ್ಧತಿ. 1863ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಒಂದು ಕೇಸು ಬಂದಿತ್ತು. ಮುಂಡ ಚೆಟ್ಟಿ ಒಂದು ಕಡೆ, ತಿಮ್ಮಜು ಹೆಂಗ್ಸು ಇನ್ನೊಂದು ಕಡೆ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಕೇಳಿದರೆಂದು ಬಲವಂತವಾಗಿ ಪಾಲು ಮಾಡುವ ಹಾಗಿಲ್ಲ ಎಂದು ಅಲ್ಲಿ ತೀರ್ಮಾನ ಆಯಿತು. ಹೆಚ್ಚುಕಡಿಮೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವ ತನಕ ಅದೇ ನಡೆಯಿತು. ಜಗಳ ಆದರೂ ಒಂದೇ ಒಲೆ, ಮಾತು ಬಿಟ್ಟರೂ ಒಂದೇ ಕಣಜ. ಗುಟ್ಟು ಹುಟ್ಟಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಹನ್ನೊಂದನೇ ಹೆಸರು

ನನಗೆ ಈ ಹುಚ್ಚು ಹಿಡಿಸಿದ್ದು ಪುಸ್ತಕಗಳಿಗಿಂತ ಜಾಸ್ತಿ ಒಂದು ಹಳೇ ಕಾಗದ. ನಮ್ಮ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಜಾಗದಲ್ಲಿ ದೊಡ್ಡಮ್ಮ ತನ್ನ ಹಕ್ಕು ಬಿಟ್ಟುಕೊಡುವುದೆಂದು ಆಗಿತ್ತು. ರಸ್ತೆ ಬದಿಯ ತುಂಡನ್ನು ಮಾಮನ ಹೆಸರಿಗೆ ಮಾಡಿ ಸಾಲ ತೆಗೆಯಬೇಕಿತ್ತು. ನಾವೆಲ್ಲ ಆಧಾರ, ಅಂದರೆ ಜಾಗದ ಪತ್ರ, ಬರೆಯುವವರ ಅಂಗಡಿಗೆ ಹೋದೆವು. ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಸಾಲಾಗಿ ಇರುತ್ತವಲ್ಲ, ಮುಂದೆ ಒಂದು ಬೆಂಚು, ಒಳಗೆ ಕಂಪ್ಯೂಟರು, ಗೋಡೆಗೆ ದೇವರ ಪಟ ಮತ್ತು ಸ್ಟ್ಯಾಂಪ್ ಡ್ಯೂಟಿಯ ಪಟ್ಟಿ, ಅಂಥದ್ದೊಂದು. ಬರೆಯುವವರು ಮುನ್ನಾಧಾರ, ಅಂದರೆ ಜಾಗದ ಹಿಂದಿನ ಪತ್ರ, ಕೇಳಿದರು. ಮಾಮ ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ತೆಗೆದು ಕೊಟ್ಟರು. ಮೇಲಿನವೆಲ್ಲ ಮಲಯಾಳ, ಅವರು ಸರಸರ ಓದಿದರು. ಅಡಿಯಲ್ಲಿದ್ದದ್ದು ಕನ್ನಡ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ಆಗಿದ್ದ ಕಾಲದ್ದು. ಮೋಡಿ ಲಿಪಿಯ ಹಾಗೆ ಕೂಡಿಸಿ ಬರೆದ ಅಕ್ಷರ, ಮಡಿಸಿದಲ್ಲೆಲ್ಲ ಹರಿದಿತ್ತು, ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಹುಡುಗ ಪ್ರಾಯದವರು, ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಕಾಗದ ನನ್ನ ಕಡೆ ತಿರುಗಿಸಿದರು.

ಹಾಗೆ ಆ ಬೆಂಚಿನಲ್ಲಿ ಕೂತು, ಅಕ್ಕಪಕ್ಕ ಬೇರೆ ಪಾರ್ಟಿಯವರು ಕೇಳುತ್ತಿದ್ದಂತೆ, ನಮ್ಮ ಮನೆಯ ಕರಾರನ್ನು ನಾನು ಗಟ್ಟಿಯಾಗಿ ಓದಿದೆ. ಮೊದಲು ಕುಟುಂಬದವರ ಪಟ್ಟಿ. ಹೆಸರು, ಇಂಥವಳ ಮಗಳು, ಪ್ರಾಯ ಇಷ್ಟು. ಮೈನರ್ ಆದರೆ ತಾಯಿಯೇ ರಕ್ಷಕಿ. ಅಪ್ಪನ ಹೆಸರು ಎಲ್ಲಿಯೂ ಇಲ್ಲ, ನಮ್ಮ ಕಾಗದಗಳಲ್ಲಿ ಅದು ಬೇಕಾಗುವುದೂ ಇಲ್ಲ. ನನ್ನ ಅಜ್ಜಿ, ಅಜ್ಜಿಯ ತಂಗಿಯರು, ಆಗ ಪ್ರಾಯ ಆರರ ದೊಡ್ಡಮ್ಮ. ಹನ್ನೊಂದನೇ ಹೆಸರಿಗೆ ಬಂದೆ. ಒಬ್ಬ ಹುಡುಗ, ಪ್ರಾಯ ನಾಲ್ಕು. ಹೆಸರು ಇಲ್ಲಿ ಬೇಡ. ರಕ್ಷಕಿಯಾದ ತಾಯಿ ಎಂದು ಬರೆದಿದ್ದದ್ದು ಅಜ್ಜಿಯ ಎರಡನೇ ತಂಗಿಯ ಹೆಸರು. ಆ ಅಜ್ಜಿಗೆ ಮಕ್ಕಳಿಲ್ಲ ಎಂದೇ ನಾವೆಲ್ಲ ಕೇಳಿ ಬೆಳೆದವರು. ನಾಗನಿಗೆ ಹೇಳಿಕೊಂಡರು, ತಂಬಿಲ ಕೊಟ್ಟರು, ಆಗಲಿಲ್ಲ ಎಂಬ ಕತೆಯೇ ಇತ್ತು. ನಾನು ಆ ಸಾಲನ್ನು ಎರಡನೇ ಸಲ ಓದಿದೆ. ದೊಡ್ಡಮ್ಮ ಕಾಗದದ ಮೇಲೆ ಕೈ ಇಟ್ಟರು. "ಮುಂದಿನದ್ದು ಓದು ಮಗಾ. ಹಳೇ ಕಾಗದದಲ್ಲಿ ಎಂತೆಂತದೋ ಇರ್ತದೆ." ಮಾಮ ಹೊರಗೆ ಹೋಗಿ ಬೀಡಿ ಹಚ್ಚಿದರು.

ಪತ್ರ ರಿಜಿಸ್ಟರ್ ಆಯಿತು. ದೊಡ್ಡಮ್ಮ ಕನ್ನಡದಲ್ಲಿ ಸಹಿ ಹಾಕಿ, ಬೆರಳಿನ ಶಾಯಿಯನ್ನು ಸೀರೆಯ ಒಳಸೆರಗಿಗೆ ಒರೆಸಿಕೊಂಡು, ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನುವ ಎಂದರು. ಆ ಹುಡುಗನ ಸುದ್ದಿ ತೆಗೆದಾಗಲೆಲ್ಲ ಅವರಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಅವರು ತೀರಿಕೊಂಡು ಕೆಲವು ವರ್ಷ ಆಯಿತು. ನಿಜಕ್ಕೂ ಎಂತ ನಡೆದಿತ್ತೋ ಬಿಡಿ. ನಾನು ಇಲ್ಲಿಂದ ಮುಂದೆ ಹೇಳುವುದೆಲ್ಲ ಕಾದಂಬರಿಯದ್ದು, ನಮ್ಮ ಮನೆಯದ್ದಲ್ಲ. ಆದರೆ ಆ ಕಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಅಡಗಿ ಕೂತದ್ದಲ್ಲ, ರಿಜಿಸ್ಟರ್ ಆದದ್ದು. ಫೀಸು ಕಟ್ಟಿದರೆ ಯಾರಿಗೂ ನಕಲು ಸಿಗುವಂಥದ್ದು. ಅಷ್ಟು ವರ್ಷ ಬಹಿರಂಗವಾಗಿ ಬಿದ್ದಿದ್ದರೂ ಅದನ್ನು ಓದುವವರಿರಲಿಲ್ಲ. ಓದಬಲ್ಲವರು ಮಾತಾಡುವವರಲ್ಲ.

ಡಿಸೆಂಬರ್ 1, 1976

ನನ್ನ ಕತೆಗೆ ಕೊಲೆ ಬೇಡ, ಒಂದು ತಾರೀಕು ಸಾಕು ಎಂದು ಹೊಳೆದದ್ದು ವಕೀಲಣ್ಣನ ಮಾತಿನಿಂದ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿದ 1975ರ ಕಾಯ್ದೆ ಜಾರಿಗೆ ಬಂದದ್ದು ಡಿಸೆಂಬರ್ 1, 1976ರಂದು. ಅದೊಂದು ಬುಧವಾರ. ಅಳಿಯಸಂತಾನದ ಕುಟುಂಬ, ಅದರ ಕವಲುಗಳಾದ ಕವರುಗಳೂ ಅದರಲ್ಲಿ ಬಂದವು. ಆ ದಿನ ಕುಟುಂಬದಲ್ಲಿ ಯಾರೆಲ್ಲ ಜೀವದಲ್ಲಿದ್ದರೋ ಅವರಿಗೆಲ್ಲ ತಲೆಗೊಂದರಂತೆ ಪಾಲು ಆಗಿಹೋಯಿತು ಎಂದೇ ಲೆಕ್ಕ. ಯಾರೂ ಕೇಳಬೇಕೆಂದಿಲ್ಲ, ಬರೆಯಬೇಕೆಂದಿಲ್ಲ. ಮಂಗಳವಾರ ರಾತ್ರಿ ಒಂದೇ ಕುಟುಂಬವಾಗಿ ಮಲಗಿದವರು ಬುಧವಾರ ಬೆಳಿಗ್ಗೆ ಏಳುವಾಗ ಸುಮ್ನೆ ಪಾಲುದಾರರು. ಮನೆಯೊಳಗೆ ಯಾರಿಗೂ ಗೊತ್ತಿಲ್ಲ! ಅದೇ ಗಂಜಿ, ಅದೇ ಬಾವಿಕಟ್ಟೆ. ಯಜಮಾನ ಅದೇ ಜೋರಿನಲ್ಲಿ ಆಳುಗಳಿಗೆ ಬೈದಿರುತ್ತಾನೆ. ಎಷ್ಟೋ ಮನೆಗಳಲ್ಲಿ ಇದು ತಿಳಿದದ್ದು ಮುಂದೆ ಯಾರೋ ಜಾಗ ಮಾರಲು ಹೊರಟು ವಕೀಲರ ಹತ್ತಿರ ಹೋದಾಗ.

ಒಂದು ತಮಾಷೆ ನೋಡಿ. ನವೆಂಬರ್ 1, 1956ರಂದು ಕಾಸರಗೋಡು ಕೇರಳಕ್ಕೆ ಸೇರದೇ ಇದ್ದಿದ್ದರೆ ನಮಗೆ ಈ ಬುಧವಾರವೇ ಬರುತ್ತಿರಲಿಲ್ಲ. ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ ಉಳಿದ ನೆಂಟರಿಗೆ ಬರಲಿಲ್ಲ. ಅವರಿಗೆ ಈಗಲೂ ಕುಟುಂಬ, ಕವರು, ಅವರವರು ಸತ್ತಾಗ ಅವರವರ ಪಾಲು. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಕಾಸರಗೋಡಿಗಾಗಿ ಹೋರಾಡಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದ್ದು, ಇದನ್ನೆಲ್ಲ ನಾವು ಭಾಷೆಯ ವಿಷಯ ಎಂದೇ ಮಾತಾಡುತ್ತೇವೆ. ಆ ಗಡಿ ನಮ್ಮ ಅಡಿಗೆಮನೆಯೊಳಗೆ ಬಂದು ಪಾಲುಪಟ್ಟಿ ಬರೆದು ಹೋದದ್ದನ್ನು ಯಾರೂ ಹೇಳುವುದಿಲ್ಲ.

ಹಾಗಾದರೆ ಥ್ರಿಲ್ಲರಿನ ಪ್ರಶ್ನೆ ಇಷ್ಟೇ: ಆ ಬುಧವಾರ ಮನೆಯಲ್ಲಿ ಲೆಕ್ಕಕ್ಕೆ ಯಾರಿದ್ದರು? ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆಂದು ಹೋಗಿ ಕಾಗದವೇ ಬರೆಯದ ಮಾಮ ಇದ್ದರೋ, ಸತ್ತಿದ್ದರೋ? ಏಳು ವರ್ಷ ಸುದ್ದಿ ಇಲ್ಲದವರು ಸತ್ತರೆಂದು ಕೋರ್ಟು ಭಾವಿಸಬಹುದು. ಆದರೆ ಯಾವ ದಿನ ಸತ್ತರು ಎಂಬುದನ್ನು ಅದು ಭಾವಿಸಿ ಕೊಡುವುದಿಲ್ಲ, ಬೇಕಾದವರೇ ಸಾಬೀತು ಮಾಡಬೇಕು. ಆಗಷ್ಟೇ ಹುಟ್ಟಿದ ಕೂಸು ಬುಧವಾರದ ಒಳಗೆ ಹುಟ್ಟಿದ್ದೋ, ಮರುದಿನವೋ? ನಮ್ಮ ಪ್ರಾಯದವರ ಹುಟ್ಟಿದ ತಾರೀಕೆಲ್ಲ ಶಾಲೆಯ ಮಾಷ್ಟ್ರು ಬರೆದದ್ದು. ಅರ್ಧ ತರಗತಿ ಮೇ ತಿಂಗಳಲ್ಲೇ ಹುಟ್ಟಿರುತ್ತಿತ್ತು. ಅಷ್ಟು ಸಲೀಸಾಗಿ ಬರೆದ ಒಂದು ಅಂಕಿಯ ಮೇಲೆ ಅರ್ಧ ಎಕರೆ ಅಡಿಕೆ ತೋಟ ನಿಂತಿರುತ್ತದೆ.

ತಾಯಿ ಯಾರು?

ನಾನು ಓದಿದ ಕತೆಗಳಲ್ಲೆಲ್ಲ ಕೊನೆಯ ಪೆಟ್ಟು ಒಂದೇ, ಅಪ್ಪ ಯಾರು. ಹಳೇ ಫೋಟೋ, ರಕ್ತ ಪರೀಕ್ಷೆ, ದಾದಿಯ ತಪ್ಪೊಪ್ಪಿಗೆ. ಅಳಿಯಸಂತಾನದ ಮನೆಯಲ್ಲಿ ಈ ಪೆಟ್ಟಿಗೆ ಬಲವೇ ಇಲ್ಲ. ಮನೆಯ ಹೆಣ್ಣು ಹೆತ್ತ ಮಗು ಅಂದ ಮೇಲೆ ಆಯಿತು, ಅದು ಕುಟುಂಬದ್ದು. ಊರವರು ಏನೇ ಗುಸುಗುಸು ಮಾಡಲಿ, ಪಾಲಿಗೆ ಅಡ್ಡಿಯಿಲ್ಲ. ಅಲ್ಲಿ ನಿಜವಾದ ಗುಟ್ಟೊಂದು ಇರಬೇಕಾದರೆ ಅದು ತಾಯಿಯದ್ದೇ ಇರಬೇಕು. ಹನ್ನೊಂದನೇ ಹೆಸರು ನನಗೆ ಕೊಟ್ಟ ಕತೆ ಅದು. ನನ್ನ ಯಜಮಾನನಿಗೆ ಹೆಂಡತಿ, ಇಬ್ಬರು ಮಕ್ಕಳು. ಅವರು ಅವಳ ಕುಟುಂಬಕ್ಕೆ ಸೇರಿದವರು. ಇನ್ನೊಂದು ಕಡೆ, ಮಕ್ಕಳ ಸಂತಾನದ, ಅಂದರೆ ಅಪ್ಪನ ಕಡೆಯಿಂದ ಕುಟುಂಬ ಎಣಿಸುವ, ಬಡಮನೆಯ ಒಬ್ಬಳಲ್ಲಿ ಅವನಿಗೆ ಒಬ್ಬ ಮಗ, 1968ರಲ್ಲಿ ಹುಟ್ಟಿದವನು. ಆ ಹುಡುಗನಿಗೆ ಯಾವ ಕಡೆಯ ತರವಾಡೂ ಇಲ್ಲ. ಯಜಮಾನ ಎಂತ ಮಾಡುತ್ತಾನೆ? ಕೂಸನ್ನು ತಂದು ಮಕ್ಕಳಿಲ್ಲದ ತಂಗಿಯ ಮಡಿಲಿಗೆ ಹಾಕುತ್ತಾನೆ. ಶಾಲೆಯ ರಿಜಿಸ್ಟರಿನಲ್ಲಿ ತಾಯಿ ಅವಳೇ, ರೇಷನ್ ಕಾರ್ಡಿನಲ್ಲಿಯೂ ಅವಳದೇ ಮಗ. ಮನೆಯವರಿಗೆಲ್ಲ ಗೊತ್ತು. ಬಾಯಿ ಬಿಡುವವರಿಲ್ಲ.

ಇದನ್ನು ಬಹಳ ಹೆಮ್ಮೆಯಿಂದ ವಕೀಲಣ್ಣನಿಗೆ ಹೇಳಿದೆ. ಅವರು ಹೊಗಳಲಿಲ್ಲ, ಒಂದು ಹಳೇ ಕೇಸ್ ಲಿಸ್ಟಿನ ಹಿಂದೆ ಲೆಕ್ಕ ಹಾಕಲು ಶುರು ಮಾಡಿದರು. "ಜಾಗ ಎಷ್ಟು?" ಏಳು ಎಕರೆ ಅಂದೆ, ಗೇಣಿಯದ್ದೆಲ್ಲ 1970ರಲ್ಲಿ ಒಕ್ಕಲುಗಳಿಗೆ ಹೋಗಿ ಉಳಿದದ್ದು. "ಬುಧವಾರ ಎಷ್ಟು ತಲೆ?" ಹುಡುಗ ಸೇರಿ ಹದಿನಾಲ್ಕು. "ಹಾಗಾದ್ರೆ ಅವನಿಗೆ 50 ಸೆಂಟ್ಸ್, ಅಂದ್ರೆ ಅರ್ಧ ಎಕರೆ. ಈಗ ಗುಟ್ಟು ರಟ್ಟಾಯ್ತು ಅಂತ ಇಟ್ಕೋ. ತಲೆ ಹದಿಮೂರು. ಅವನು ಕುಟುಂಬದವನಲ್ಲ, ಯಜಮಾನನ ಮಗ ಮಾತ್ರ. ಯಜಮಾನ ಉಯಿಲು ಬರೆಯದೆ ಸತ್ರೆ ಅವನ ಪಾಲು ಹೆಂಡತಿ, ಮಕ್ಕಳಿಗೆ. ಈ ಹುಡುಗನನ್ನೂ ಸೇರಿಸಿದ್ರೆ ನಾಲ್ಕು ಭಾಗ. ಒಂದು ಭಾಗ ಅಂದ್ರೆ ಹದಿಮೂರೂವರೆ ಸೆಂಟ್ಸಿಗೆ ಸ್ವಲ್ಪ ಕಡಿಮೆ." ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅದೂ ಯಾವಾಗ? ಆ ಹೆಂಗಸಿಗೆ ಅವನು ತಾಳಿ ಕಟ್ಟಿದ್ದಾನಾ ಇಲ್ವಾ?"

ಅದೊಂದು ಪ್ರಶ್ನೆಗೆ ನನ್ನ ಕತೆ ಬೇರೆಯೇ ಆಯಿತು. ಮೊದಲ ಹೆಂಡತಿ ಇರುವಾಗ ಕಟ್ಟಿದ ತಾಳಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಮದುವೆ ಅನೂರ್ಜಿತ. ಆದರೆ ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಅಂಥ ಮದುವೆಯ ಮಕ್ಕಳು ಸಕ್ರಮವೇ. ತಂದೆತಾಯಿಯ ಆಸ್ತಿಯಲ್ಲಿ ಅವರಿಗೆ ಹಕ್ಕುಂಟು. 2023ರ ಸೆಪ್ಟೆಂಬರಿನಲ್ಲಿ ರೇವಣಸಿದ್ದಪ್ಪ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು. ತಾಳಿಯೇ ಕಟ್ಟದಿದ್ದರೆ? ಮದುವೆಯೇ ಇಲ್ಲ, ಆಗ ತಂದೆಯ ಪಾಲಿನಲ್ಲಿ ಹುಡುಗನಿಗೆ ಸೊನ್ನೆ. ಅಂದರೆ ಸುಳ್ಳು ನಿಂತರೆ 50 ಸೆಂಟ್ಸ್, ಸತ್ಯ ಹೊರಬಂದು ತಾಳಿ ಇದ್ದರೆ ಹದಿಮೂರು ಚಿಲ್ಲರೆ, ತಾಳಿ ಇಲ್ಲದಿದ್ದರೆ ಏನೂ ಇಲ್ಲ. ಐವತ್ತರ ಪ್ರಾಯ ದಾಟಿದ ಒಬ್ಬ ಮನುಷ್ಯ, ತನ್ನನ್ನು ಹೆತ್ತವಳ ಕೊರಳಲ್ಲಿ ಕರಿಮಣಿ ಇತ್ತೇ ಎಂದು ಆ ಕಾಲದ ನೆರೆಯವರನ್ನು ಕೇಳುತ್ತಾ ತಿರುಗುವುದನ್ನು ಯೋಚಿಸಿ ನೋಡಿ. ನನಗೆ ಯಾವ ಕೊಲೆಯೂ ಇಷ್ಟು ಭಯ ಹುಟ್ಟಿಸಿಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕೇಳಿದ ಕೂಡಲೇ ಕೋರ್ಟು ಅದನ್ನು ಕೊಡುವುದಿಲ್ಲ. ರಕ್ತ ಪರೀಕ್ಷೆಯನ್ನು ಮಾಮೂಲಿ ಎಂಬಂತೆ ಆದೇಶಿಸಬಾರದು ಎಂದು 1993ರ ಗೌತಮ್ ಕುಂಡು ತೀರ್ಪಿನಿಂದಲೇ ಇದೆ. ನನಗೆ ಅದು ಒಳ್ಳೆಯದೇ ಆಯಿತು. ಪ್ರಯೋಗಾಲಯದ ಕಾಗದದಿಂದ ಮುಗಿಯುವ ಕತೆ ಯಾರಿಗೆ ಬೇಕು.

ಎರಡು ಕೋರ್ಟು

ಹಾಗಾದರೆ ಸತ್ಯ ಹೇಳಬಲ್ಲವರು ಒಬ್ಬರೇ, ಕಾಗದದಲ್ಲಿ ತಾಯಿಯಾದ ಆ ತಂಗಿ. ನನ್ನ ಕತೆಯಲ್ಲಿ ಅವಳಿಗೆ ಎಂಬತ್ತೈದು. ಕಿವಿ ಮಂದ, ಬುದ್ಧಿ ಚುರುಕು. ಅವಳನ್ನು ಸಾಕ್ಷಿ ಕಟ್ಟೆಗೆ ಹತ್ತಿಸಬೇಕು ಎಂದು ವಿದ್ಯಾನಗರದ ಕೋರ್ಟಿನ ದೃಶ್ಯವನ್ನು ಚೆನ್ನಾಗಿಯೇ ಬರೆದಿದ್ದೆ. ಅಡ್ಡ ಸವಾಲು, ಜಡ್ಜರ ಮೌನ, ಎಲ್ಲ. ಓದಿದರೆ ಯಾಕೋ ಜೀವ ಇಲ್ಲ. ನಮ್ಮ ಹಳಬರು ಕೋರ್ಟಿನಲ್ಲಿ ಸುಳ್ಳು ಹೇಳುವುದನ್ನು ಅಷ್ಟು ದೊಡ್ಡ ಪಾಪವೆಂದು ಎಣಿಸಿದವರಲ್ಲ. ವಕೀಲರು ಹೇಳಿಕೊಟ್ಟದ್ದನ್ನು ಹೇಳಿ ಬರುವ ಜಾಗ ಅದು, ಅಷ್ಟೇ. ಅವರು ಹೆದರುವುದು ಕಾನತ್ತೂರಿಗೆ.

ಕಾನತ್ತೂರು ನಾಲ್ವರ್ ದೈವಸ್ಥಾನವನ್ನು ಈ ಕಡೆಯವರಿಗೆ ನಾನು ಪರಿಚಯಿಸಬೇಕಿಲ್ಲ. ಜಾಗದ ತಕರಾರು, ಕೊಟ್ಟ ದುಡ್ಡು, ಕಳವು, ಮಾತು ತಪ್ಪಿದ್ದು, ಎಲ್ಲವೂ ಅಲ್ಲಿಗೆ ಹೋಗುತ್ತದೆ. ಜಾತಿ ಧರ್ಮ ನೋಡದೆ ಜನ ಬರುತ್ತಾರೆ. ದೂರು ಕೊಟ್ಟರೆ ಎದುರು ಪಾರ್ಟಿಗೆ ಕಾಗದ ಹೋಗುತ್ತದೆ. ಆ ಕಾಗದ ಮನೆಗೆ ಬಂತೆಂದರೆ ಸಮನ್ಸಿಗಿಂತ ಜಾಸ್ತಿ ತಳಮಳ. ನಾನು ಚಿಕ್ಕವಳಿದ್ದಾಗ ನಮ್ಮ ನೆರೆಮನೆಗೆ ಅಂಥ ಕಾಗದ ಬಂದಿತ್ತು. ತೋಡಿನ ಬದಿಯ ಬೇಲಿ ಯಾರು ಸರಿಸಿದ್ದು ಎಂಬ ತಕರಾರು. ಮುನ್ಸಿಫ್ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿದ್ದರು. ಕಾಗದ ಬಂದ ಮರುದಿನ ಬೆಳಿಗ್ಗೆ ಆ ಮನೆಯ ಅಜ್ಜ ಕೈಯಲ್ಲಿ ಹಾರೆ ಹಿಡಿದು ತಾವೇ ಗುಂಡಿ ತೆಗೆದು ಬೇಲಿಯ ಕಂಬಗಳನ್ನು ಹಿಂದೆ ನೆಟ್ಟರು. ಒಂದೊಂದು ಕಂಬ ನೆಟ್ಟಾಗಲೂ ಎದುರು ಮನೆಯವರಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಬೈಗುಳ ನಿಲ್ಲಲಿಲ್ಲ, ಬೇಲಿ ಮಾತ್ರ ಹಿಂದೆ ಹೋಯಿತು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಸಾಕ್ಷ್ಯ ಹೊರಡಿಸುವ ವಿಷಯದಲ್ಲಿ ಯಾವ ಅಡ್ಡ ಸವಾಲೂ ಇದರ ಹತ್ತಿರ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನನ್ನ ಮುದುಕಿಗೂ ಕಾನತ್ತೂರಿನ ಕಾಗದ ಬರುತ್ತದೆ. ಕಳಿಸಿದವಳು ಅವಳ ಅಕ್ಕನ ಮೊಮ್ಮಗಳು. ಕೋರ್ಟಿನಲ್ಲಿ ಅವನು ನಾನು ಹೆತ್ತ ಮಗನೇ ಎಂದು ತಡವರಿಸದೆ ಹೇಳಿ ಬಂದವಳು ದೈವದ ನಡೆಯಲ್ಲಿ ಎಂತ ಹೇಳಬೇಕು? ಇಲ್ಲಿ ನಾನು ತುಂಬ ದಿನ ಸಿಕ್ಕಿಬಿದ್ದಿದ್ದೆ. ಸುಳ್ಳು ಹೇಳಿಸಿದರೆ ಓದುವವರು ನಂಬುವುದಿಲ್ಲ, ಸತ್ಯ ಹೇಳಿಸಿದರೆ ಸಾಕಿದ ಮಗ ಬೀದಿಪಾಲು. ಕೊನೆಗೆ ಅವಳೇ ದಾರಿ ಹುಡುಕಿದಳು. ಕಾಗದ ಬಂದ ವಾರದಲ್ಲೇ ಆಟೋ ಹಿಡಿದು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ತನ್ನ ಪಾಲಿನ 50 ಸೆಂಟ್ಸನ್ನು ಅವನ ಹೆಸರಿಗೆ ದಾನಪತ್ರ ಮಾಡಿದಳು. ತನ್ನದನ್ನು ಬೇಕಾದವರಿಗೆ ಕೊಡಲು ತಾಯಿಯಾಗಿರಬೇಕೆಂದಿಲ್ಲವಲ್ಲ. ಉಯಿಲು ಬರೆಯಲಿಲ್ಲ, ತಾನು ಬದುಕಿರುವಾಗಲೇ ಮುಗಿಯಬೇಕಿತ್ತು ಅವಳಿಗೆ. ಆಮೇಲೆ ಕಾನತ್ತೂರಿಗೆ ಹೋಗಿ, ನಾನು ಹೆತ್ತಿಲ್ಲ ಎಂದಳು.

ವಕೀಲಣ್ಣ ಇದನ್ನು ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹದಿಮೂರು ತಲೆ ಅಂದ ಮೇಲೆ ಅವಳ ಪಾಲು 50 ಅಲ್ಲ, 53ರ ಮೇಲೆ. ಅಲ್ಲಿ ಮೂರು ಸೆಂಟ್ಸ್ ಬಿಟ್ಟುಹೋಗಿದೆ" ಎಂದರು. ಅವಳು ದಾನಪತ್ರ ಮಾಡುವಾಗ ತಲೆ ಹದಿನಾಲ್ಕೇ ಇತ್ತು, ಸತ್ಯ ಹೇಳಿದ್ದು ಆಮೇಲೆ ಎಂದು ನಾನು ವಾದಿಸಿದೆ. ಆ ವಾದ ಅವರಿಗೆ ಖುಷಿ ಕೊಟ್ಟಿತು. ಆದರೆ ಇನ್ನೊಂದು ಕಡೆ ಹಿಡಿದರು. ಮೂರನೇ ಅಧ್ಯಾಯದಲ್ಲಿ ಈ ಕುಟುಂಬಕ್ಕೆ ವಿಟ್ಲದ ಹತ್ತಿರ ಒಂದು ಗದ್ದೆ ಉಂಟೆಂದು ನಾನು ಅಂದಕ್ಕೆ ಬರೆದಿದ್ದೆ. ವಿಟ್ಲ ಕರ್ನಾಟಕ. ಅಲ್ಲಿಯ ಗದ್ದೆಗೆ ನಮ್ಮ ಬುಧವಾರ ತಾಗುವುದಿಲ್ಲ, ಅದಕ್ಕೆ ಬೇರೆ ಲೆಕ್ಕ, ಬೇರೆ ಕೋರ್ಟು, ಸತ್ತವರ ಬೇರೆ ಪಟ್ಟಿ. ಅದನ್ನೂ ಬರೆದರೆ ಇನ್ನೂರು ಪುಟ ಜಾಸ್ತಿ. ಹಾಗಾಗಿ 1961ರಲ್ಲೇ ಯಜಮಾನನ ಕೈಯಲ್ಲಿ, ಪ್ರಾಯಕ್ಕೆ ಬಂದ ಎಲ್ಲರ ಸಹಿ ಹಾಕಿಸಿ, ಆ ಗದ್ದೆಯನ್ನು ಮಾರಿಸಿಬಿಟ್ಟಿದ್ದೇನೆ.